ಫೋನಿಗೆ ಮೇಲ್ ಯಾವಾಗ ಬರಬೇಕು, ನೀವೇ ಹೇಳಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗಳಿಗೆ ಒಂದು ಕಂಪನಿಯಿಂದ ಇಂಟರ್‌ವ್ಯೂ ಮೇಲ್ ಬಂದಿತ್ತು. ಬೆಳಗ್ಗೆ ಹತ್ತು ಗಂಟೆಗೆ ಕಳಿಸಿದ್ದರು. ಮಧ್ಯಾಹ್ನ ಎರಡರೊಳಗೆ ‘ಬರುತ್ತೇನೆ’ ಅಂತ ಉತ್ತರ ಕೊಡಬೇಕಿತ್ತು. ಅವಳ ಐಫೋನಿನಲ್ಲಿ ಅದು ಕಾಣಿಸಿದ್ದು ರಾತ್ರಿ ಮನೆಗೆ ಬಂದು ಚಾರ್ಜಿಗೆ ಹಾಕಿದ ಮೇಲೆ. ನೆಟ್‌ವರ್ಕ್ ಚೆನ್ನಾಗಿತ್ತು, ಫೋನ್ ಹೊಸದು. ಒಂದು ಸೆಟ್ಟಿಂಗ್ ಮಾತ್ರ ಅವಳಿಗೆ ಬೇಕಾದ ಹಾಗೆ ಇರಲಿಲ್ಲ.

ಅವತ್ತಿನಿಂದ ಮನೆಯವರ, ಪಕ್ಕದ ಮನೆಯವರ, ಆಫೀಸಿನವರ ಫೋನ್ ಕೈಗೆ ಸಿಕ್ಕಾಗಲೆಲ್ಲ ನಾನು ಮೊದಲು ನೋಡುವುದು ಇದನ್ನೇ. ಅವರೆಲ್ಲ ಕೇಳಿದ ಪ್ರಶ್ನೆಗಳು, ನಾನು ಕೊಟ್ಟ ಉತ್ತರಗಳು ಇಲ್ಲಿವೆ. ಮೆನುಗಳ ಹೆಸರನ್ನು ಇಂಗ್ಲಿಷ್ ಫೋನಿನಲ್ಲಿ ಇರುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಫೋನಿನಿಂದ ಫೋನಿಗೆ ಹೆಸರು ಸ್ವಲ್ಪ ಆಚೀಚೆ ಆಗುತ್ತದೆ. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ಭಾಗದಲ್ಲಿ ಇರುವ ಹುಡುಕುವ ಜಾಗದಲ್ಲಿ ಆ ಪದ ಹಾಕಿ ನೋಡಿ.

ಗೆಳೆಯನ ಫೋನಿಗೆ ಮೇಲ್ ತಕ್ಷಣ ಬರುತ್ತೆ, ನನಗೆ ಅರ್ಧ ಗಂಟೆ ಆದ ಮೇಲೆ. ಯಾಕೆ?

ಮನೆಗೆ ಹಾಲು ಬರುವ ರೀತಿ ನೆನಪಿಸಿಕೊಳ್ಳಿ. ಹಾಲಿನವನೇ ಬಾಗಿಲಿಗೆ ತಂದು ಹಾಕಿ ಬೆಲ್ ಮಾಡುವುದು ಒಂದು. ಮನೆಯ ಹುಡುಗ ಗಂಟೆಗೊಮ್ಮೆ ಬೂತಿಗೆ ಹೋಗಿ ‘ಹಾಲಿನ ಗಾಡಿ ಬಂತಾ’ ಅಂತ ಕೇಳಿ ಬರುವುದು ಇನ್ನೊಂದು. ಬೇಕಾದಾಗ ನಾವೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ತರುವುದು ಮೂರನೆಯದು.

ಫೋನಿನಲ್ಲೂ ಇವೇ ಮೂರು. ಮೇಲ್ ಬಂದ ಕೂಡಲೇ ಸರ್ವರೇ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರೇ, ಫೋನಿಗೆ ತಿಳಿಸಿದರೆ ಅದು ಪುಶ್. ಫೋನ್ ಇಷ್ಟಿಷ್ಟು ಹೊತ್ತಿಗೊಮ್ಮೆ ಸರ್ವರನ್ನು ಕೇಳಿದರೆ ಅದು ಫೆಚ್. ನೀವು ಆ್ಯಪ್ ತೆರೆದಾಗ ಮಾತ್ರ ಕೇಳಿದರೆ ಅದು ಮ್ಯಾನ್ಯುಯಲ್. ನಿಮ್ಮ ಗೆಳೆಯನದು ಪುಶ್ ಇರಬೇಕು. ನಿಮ್ಮದು ಅರ್ಧ ಗಂಟೆಯ ಫೆಚ್ ಇರಬೇಕು.

ತಡವಾಗಿ ಬಂದರೆ ಮೇಲ್ ಕಳೆದುಹೋಗುವ ಭಯ ಇದೆಯಾ?

ಇಲ್ಲ. ಮೇಲ್ ಮೊದಲು ಬಂದು ಕೂರುವುದು ಸರ್ವರಿನಲ್ಲಿ. ಫೋನ್ ಆಫ್ ಆಗಿದ್ದರೂ, ಒಂದು ವಾರ ಕೇಳದಿದ್ದರೂ ಅದು ಅಲ್ಲೇ ಇರುತ್ತದೆ. ಈ ಪುಟದಲ್ಲಿ ಹೇಳುವ ಸೆಟ್ಟಿಂಗ್‌ಗಳು ನಿಮಗೆ ಅದು ಯಾವಾಗ ಗೊತ್ತಾಗಬೇಕು ಅನ್ನುವುದನ್ನು ಮಾತ್ರ ಬದಲಿಸುತ್ತವೆ. ಹಾಗಾಗಿ ಧೈರ್ಯವಾಗಿ ಬದಲಾಯಿಸಿ ನೋಡಬಹುದು.

ಐಫೋನಿನಲ್ಲಿ ಇದು ಎಲ್ಲಿದೆ?

ಸೆಟ್ಟಿಂಗ್ಸ್ ತೆರೆಯಿರಿ. ಐಓಎಸ್ 18 ಅಥವಾ ಅದಕ್ಕಿಂತ ಹೊಸದಾದರೆ ತಳದಲ್ಲಿರುವ ‘ಆ್ಯಪ್ಸ್’ ಒಳಗೆ ‘ಮೇಲ್’ ಇರುತ್ತದೆ. ಹಳೆಯದಾದರೆ ಸೆಟ್ಟಿಂಗ್ಸ್‌ನಲ್ಲೇ ‘ಮೇಲ್’ ಸಿಗುತ್ತದೆ. ಅದರೊಳಗೆ ಅಕೌಂಟ್ಸ್, ಅಲ್ಲಿಂದ ಕೊನೆಯಲ್ಲಿ ‘ಫೆಚ್ ನ್ಯೂ ಡೇಟಾ’.

ಆ ಪರದೆಯಲ್ಲಿ ಮೂರು ಭಾಗ ಇದೆ. ಎಲ್ಲಕ್ಕಿಂತ ಮೇಲೆ ‘ಪುಶ್’ ಅನ್ನುವ ಸ್ವಿಚ್. ಅದು ಆಫ್ ಆಗಿದ್ದರೆ ಯಾವ ಅಕೌಂಟಿಗೂ ಪುಶ್ ಸಿಗುವುದಿಲ್ಲ, ಎಲ್ಲವೂ ಫೆಚ್ ಸಾಲಿಗೆ ಬೀಳುತ್ತವೆ. ನಡುವೆ ನಿಮ್ಮ ಅಕೌಂಟುಗಳ ಪಟ್ಟಿ. ಒಂದೊಂದನ್ನೂ ಮುಟ್ಟಿ ಪುಶ್, ಫೆಚ್, ಮ್ಯಾನ್ಯುಯಲ್ ಆರಿಸಬಹುದು. ಎಲ್ಲ ಅಕೌಂಟಿಗೂ ಪುಶ್ ಇರುವುದಿಲ್ಲ. ಐಕ್ಲೌಡ್‌ಗೆ ಇದೆ, ಆಫೀಸಿನ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಮೇಲ್ ಸೇವೆ) ಅಕೌಂಟಿಗೆ ಇದೆ. ಪುಶ್ ಇರುವ ಕಡೆ ಯಾವ ಫೋಲ್ಡರಿಗೆ ಬೇಕು ಅಂತಲೂ ಗುರುತು ಹಾಕಬಹುದು. ಕೆಳಗಡೆ ಫೆಚ್ ವೇಳೆ: 15 ನಿಮಿಷ, 30 ನಿಮಿಷ, ಗಂಟೆಗೊಮ್ಮೆ, ಮ್ಯಾನ್ಯುಯಲಿ, ಆಟೋಮ್ಯಾಟಿಕಲಿ.

ಒಂದು ಮಾತು. ಈ ಪರದೆ ಮೇಲಿಗೆ ಮಾತ್ರ ಅಲ್ಲ. ಅದೇ ಅಕೌಂಟಿನ ಕ್ಯಾಲೆಂಡರ್ ಮತ್ತು ಕಾಂಟ್ಯಾಕ್ಟ್ಸ್ ಕೂಡ ಇದೇ ಲೆಕ್ಕದಲ್ಲಿ ಹೊಸದಾಗುತ್ತವೆ. ಮೀಟಿಂಗ್ ಸಮಯ ಬದಲಾದದ್ದು ಗೊತ್ತಾಗಲಿಲ್ಲ ಅನ್ನುವವರು ಇಲ್ಲಿ ಬಂದು ನೋಡಬೇಕು.

‘ಆಟೋಮ್ಯಾಟಿಕಲಿ’ ಅಂತ ಇದೆಯಲ್ಲ, ಅದನ್ನೇ ಇಟ್ಟುಕೊಂಡರೆ ಸಾಲದಾ?

ನನ್ನ ತಂಗಿಗೆ ತೊಂದರೆ ಆಗಿದ್ದು ಇಲ್ಲೇ. ಆಟೋಮ್ಯಾಟಿಕಲಿ ಅಂದರೆ ಫೋನೇ ಎಲ್ಲ ನೋಡಿಕೊಳ್ಳುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ. ನಿಜವಾದ ಅರ್ಥ ಬೇರೆ. ಫೋನ್ ಚಾರ್ಜಿಗೆ ಹಾಕಿದ್ದು, ವೈಫೈ ಕೂಡ ಸಿಕ್ಕಿರುವಾಗ ಮಾತ್ರ ಅದು ಹಿನ್ನೆಲೆಯಲ್ಲಿ ಮೇಲ್ ತರುತ್ತದೆ. ಎರಡೂ ಇರಬೇಕು. ಬಸ್ಸಿನಲ್ಲಿ, ಕಾಲೇಜಿನಲ್ಲಿ, ಮಾರ್ಕೆಟ್ಟಿನಲ್ಲಿ ಇರುವಾಗ ಏನೂ ಬರುವುದಿಲ್ಲ. ಆ್ಯಪ್ ತೆರೆದರೆ ಬರುತ್ತದೆ, ಇಲ್ಲವಾದರೆ ರಾತ್ರಿ ಚಾರ್ಜಿಗೆ ಹಾಕಿದಾಗ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತವೆ.

ಅವಳು ಇಡೀ ದಿನ ಫೋನ್ ಕೈಯಲ್ಲೇ ಹಿಡಿದಿದ್ದಳು. ಮೇಲ್ ಬಂದಿಲ್ಲ ಅಂತ ನಂಬಿದ್ದಳು. ಕೆಲಸ ಹುಡುಕುತ್ತಿರುವ ಮಕ್ಕಳು ಮನೆಯಲ್ಲಿದ್ದು, ಅವರು ಐಫೋನಿನ ಮೇಲ್ ಆ್ಯಪ್ ಬಳಸುತ್ತಿದ್ದರೆ ದಯವಿಟ್ಟು ಇವತ್ತೇ ಇದನ್ನು ನೋಡಿ. 15 ನಿಮಿಷಕ್ಕೆ ಇಡಿ, ಅಥವಾ ಮುಂದಿನ ಉತ್ತರದಲ್ಲಿ ಹೇಳಿರುವ ಹಾಗೆ ಮಾಡಿ.

ಐಫೋನಿನ ಮೇಲ್ ಆ್ಯಪಿನಲ್ಲಿ ಜಿಮೇಲ್ ಹಾಕಿದ್ದೇನೆ. ಪುಶ್ ಅನ್ನುವ ಆಯ್ಕೆಯೇ ಕಾಣುತ್ತಿಲ್ಲ.

ಕಾಣುವುದಿಲ್ಲ, ನಿಮ್ಮ ಫೋನ್ ಕೆಟ್ಟಿಲ್ಲ. ಹಿಂದೆ ಗೂಗಲ್ ಸಿಂಕ್ ಅನ್ನುವ ಸೇವೆಯ ಮೂಲಕ ಇದು ಸಾಧ್ಯವಿತ್ತು. ಉಚಿತ ಜಿಮೇಲ್ ಬಳಸುವವರು ಆ ಸೇವೆಯಲ್ಲಿ ಹೊಸದಾಗಿ ಫೋನ್ ಸೇರಿಸುವುದನ್ನು ಗೂಗಲ್ 2013ರ ಜನವರಿ 30ರಿಂದ ನಿಲ್ಲಿಸಿತು. ಅಲ್ಲಿಂದ ಆ್ಯಪಲ್‌ನ ಮೇಲ್ ಆ್ಯಪಿನಲ್ಲಿ ಜಿಮೇಲಿಗೆ ಫೆಚ್ ಮಾತ್ರ.

ಪರಿಹಾರ ಸುಲಭ. ಗೂಗಲ್‌ನ ಜಿಮೇಲ್ ಆ್ಯಪನ್ನೇ ಹಾಕಿಕೊಳ್ಳಿ. ಅದರ ಸೂಚನೆ ಆ್ಯಪಲ್‌ನ ಪುಶ್ ದಾರಿಯಲ್ಲೇ ಬರುತ್ತದೆ, ಮೇಲೆ ಹೇಳಿದ ಫೆಚ್ ವೇಳೆಗೂ ಅದಕ್ಕೂ ಸಂಬಂಧವಿಲ್ಲ. ಮೇಲ್ ಆ್ಯಪ್ ರೂಢಿಯಾಗಿದೆ, ಬಿಡಲು ಮನಸ್ಸಿಲ್ಲ ಅನ್ನುವವರು ಎರಡನ್ನೂ ಇಟ್ಟುಕೊಳ್ಳಬಹುದು. ಸೂಚನೆಗೆ ಜಿಮೇಲ್ ಆ್ಯಪ್, ಓದಲು ಮೇಲ್ ಆ್ಯಪ್. ಮೇಲ್ ಆ್ಯಪಿನ ಸೂಚನೆ ಆಫ್ ಮಾಡಿಬಿಡಿ, ಇಲ್ಲವಾದರೆ ಒಂದೇ ಮೇಲಿಗೆ ಎರಡು ಸಲ ಸದ್ದಾಗುತ್ತದೆ.

ಆಂಡ್ರಾಯ್ಡ್ ಫೋನಿನ ಜಿಮೇಲಿನಲ್ಲಿ ಎಷ್ಟು ನಿಮಿಷಕ್ಕೊಮ್ಮೆ ಅಂತ ಎಲ್ಲೂ ಕೇಳುತ್ತಿಲ್ಲವಲ್ಲ?

ಜಿಮೇಲ್ ಅಕೌಂಟಿಗೆ ಅಲ್ಲಿ ನಿಮಿಷದ ಲೆಕ್ಕವೇ ಇಲ್ಲ. ಸಿಂಕ್, ಅಂದರೆ ಫೋನ್ ಮತ್ತು ಸರ್ವರ್ ತಾವಾಗಿಯೇ ಹೊಂದಿಕೊಳ್ಳುವುದು, ಆನ್ ಇದ್ದರೆ ಅದು ಪುಶ್. ಆದರೆ ಮೇಲ್ ಬಂದು ನಿಮಗೆ ಗೊತ್ತಾಗಬೇಕಾದರೆ ಕೆಲವು ಬಾಗಿಲು ತೆರೆದಿರಬೇಕು.

ಮೊದಲನೆಯದು ಫೋನಿನ ಸೆಟ್ಟಿಂಗ್ಸ್‌ನಲ್ಲಿ, ಅಕೌಂಟ್ಸ್ ಒಳಗೆ. ಅಲ್ಲಿ ಆ್ಯಪ್ ಡೇಟಾ ತಾನಾಗಿಯೇ ಸಿಂಕ್ ಆಗಲಿ ಅನ್ನುವ ಸ್ವಿಚ್ ಇರುತ್ತದೆ. ಅದು ಆಫ್ ಆಗಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎರಡನೆಯದು ಜಿಮೇಲ್ ಆ್ಯಪಿನ ಒಳಗೆ: ಎಡಗಡೆಯ ಮೂರು ಗೆರೆ, ಸೆಟ್ಟಿಂಗ್ಸ್, ನಿಮ್ಮ ಅಕೌಂಟಿನ ಹೆಸರು, ‘ಸಿಂಕ್ ಜಿಮೇಲ್’. ಅಲ್ಲೇ ‘ನೋಟಿಫಿಕೇಶನ್ಸ್’ ಕೂಡ ಇದೆ. ಅದರಲ್ಲಿ ಎಲ್ಲಾ, ಮುಖ್ಯವಾದದ್ದು ಮಾತ್ರ, ಯಾವುದೂ ಬೇಡ ಅನ್ನುವ ಆಯ್ಕೆಗಳಿವೆ.

ಎಷ್ಟು ದಿನದ ಮೇಲ್ ಫೋನಿನಲ್ಲಿ ಇಟ್ಟುಕೊಳ್ಳಬೇಕು ಅನ್ನುವುದೂ ಅಲ್ಲೇ ಇದೆ. ಸಾಮಾನ್ಯವಾಗಿ 30 ದಿನ. ಇದು ನೆಟ್ ಇಲ್ಲದಾಗ ಓದಲು ಸಿಗುವ ಮೇಲ್‌ಗಳ ಲೆಕ್ಕ. ಹಳೆಯವು ಅಳಿಸಿಹೋಗುತ್ತವೆ ಅಂತ ತಿಳಿಯಬೇಡಿ.

ಆಫೀಸಿನ ಮೇಲನ್ನೂ ಜಿಮೇಲ್ ಆ್ಯಪಿಗೇ ಸೇರಿಸಿದ್ದೇನೆ. ಅದು ಮಾತ್ರ ನಿಧಾನ.

ಅದು ಗೂಗಲ್‌ನ ಅಕೌಂಟ್ ಅಲ್ಲದಿದ್ದರೆ ಫೆಚ್ ಲೆಕ್ಕಕ್ಕೆ ಬರುತ್ತದೆ. ಜಿಮೇಲ್ ಸೆಟ್ಟಿಂಗ್ಸ್‌ನಲ್ಲಿ ಆ ಅಕೌಂಟನ್ನು ಮುಟ್ಟಿದರೆ ‘ಸಿಂಕ್ ಫ್ರೀಕ್ವೆನ್ಸಿ’ ಅಂತ ಸಿಗುತ್ತದೆ. 15 ನಿಮಿಷಕ್ಕೆ ಇಡಬಹುದು. ಅದಕ್ಕಿಂತ ಕಡಿಮೆ ಯಾಕಿಲ್ಲ ಅಂತ ತುಂಬಾ ಜನ ಕೇಳಿದ್ದಾರೆ. ಆಂಡ್ರಾಯ್ಡ್ 7ರಿಂದ ಈಚೆಗೆ, ಹಿನ್ನೆಲೆಯಲ್ಲಿ ಮತ್ತೆ ಮತ್ತೆ ನಡೆಯುವ ಕೆಲಸವನ್ನು ಆ್ಯಪ್‌ಗಳು ಫೋನಿಗೆ ಒಪ್ಪಿಸುವಾಗ ನಡುವೆ ಕಡಿಮೆ ಅಂದರೂ 15 ನಿಮಿಷ ಬಿಡಬೇಕು ಅಂತ ಆಂಡ್ರಾಯ್ಡೇ ನಿಯಮ ಮಾಡಿದೆ. ಎಕ್ಸ್‌ಚೇಂಜ್ ಅಕೌಂಟ್ ಆದರೆ ಪುಶ್ ಆಯ್ಕೆಯೂ ಇರುತ್ತದೆ.

ಸ್ಯಾಮ್‌ಸಂಗ್‌ನ ಸ್ವಂತ ಇಮೇಲ್ ಆ್ಯಪ್ ಬಳಸುವವರಿಗೆ ಇನ್ನೂ ಅನುಕೂಲ. ಅಲ್ಲಿ ಅಕೌಂಟಿನ ಸಿಂಕ್ ಸೆಟ್ಟಿಂಗ್ಸ್‌ನಲ್ಲಿ ಕೆಲಸದ ಹೊತ್ತಿಗೊಂದು ವೇಳೆ, ಉಳಿದ ಹೊತ್ತಿಗೊಂದು ವೇಳೆ ಇಡಬಹುದು. ರೋಮಿಂಗ್‌ನಲ್ಲಿ ಇರುವಾಗ ತಾನಾಗಿ ತರಬೇಡ ಅಂತಲೂ ಹೇಳಬಹುದು.

ಎಲ್ಲ ಆನ್ ಮಾಡಿದ್ದೇನೆ. ಆದರೂ ಆ್ಯಪ್ ತೆರೆದ ಮೇಲೆಯೇ ಮೇಲ್ ಬರುತ್ತದೆ.

ಇದು ನನಗೆ ಅತಿ ಹೆಚ್ಚು ಬರುವ ಪ್ರಶ್ನೆ. ರೆಡ್ಮಿ, ವಿವೋ, ಒಪ್ಪೋ, ರಿಯಲ್‌ಮಿ ಫೋನ್ ಇದ್ದವರಿಂದಲೇ ಜಾಸ್ತಿ.

ಫೋನ್ ಮೇಜಿನ ಮೇಲೆ ಸುಮ್ನೆ ಇದ್ದಾಗ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಹೇಳಬೇಕು. 2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ‘ಡೋಝ್’ ಅನ್ನುವ ಏರ್ಪಾಡು ಇದೆ. ಚಾರ್ಜಿಗೆ ಹಾಕಿಲ್ಲ, ಪರದೆ ಆಫ್, ಅಲುಗಾಟವೂ ಇಲ್ಲ ಅಂದರೆ ಫೋನ್ ಜೊಂಪು ಹತ್ತಿದ ಹಾಗೆ ಆಗುತ್ತದೆ. ಆ್ಯಪ್‌ಗಳು ನೆಟ್ ಮುಟ್ಟುವಂತಿಲ್ಲ. ನಡುನಡುವೆ ಒಮ್ಮೆ ಕಣ್ಣು ಬಿಟ್ಟು, ಬಾಕಿ ಇದ್ದ ಸಿಂಕ್ ಎಲ್ಲ ಮುಗಿಸಿ ಮತ್ತೆ ಮಲಗುತ್ತದೆ. ಹೊತ್ತು ಕಳೆದಂತೆ ಆ ನಡುವಿನ ಅಂತರ ಉದ್ದವಾಗುತ್ತದೆ. ಹಾಗಾಗಿ ನೀವು 15 ನಿಮಿಷ ಅಂತ ಇಟ್ಟಿದ್ದರೂ ರಾತ್ರಿ ಅದು ನಡೆಯುವುದಿಲ್ಲ. ಗೂಗಲ್‌ನ ಪುಶ್ ದಾರಿಯಲ್ಲಿ ತುರ್ತು ಅಂತ ಗುರುತು ಹಾಕಿ ಬಂದ ಸಂದೇಶ ಮಾತ್ರ ಈ ಜೊಂಪನ್ನು ಎಬ್ಬಿಸಬಲ್ಲದು.

ಇಷ್ಟು ಎಲ್ಲ ಆಂಡ್ರಾಯ್ಡ್‌ಗೂ ಒಂದೇ. ಅದರ ಮೇಲೆ ಕೆಲವು ಕಂಪನಿಗಳು ಬ್ಯಾಟರಿ ಉಳಿಸಲು ತಮ್ಮದೇ ಕಟ್ಟುಪಾಡು ಹಾಕಿರುತ್ತವೆ. ನೀವು ಸ್ವಲ್ಪ ಹೊತ್ತು ಬಳಸದ ಆ್ಯಪನ್ನು ಹಿನ್ನೆಲೆಯಲ್ಲಿ ಪೂರ್ತಿ ಮುಚ್ಚಿಬಿಡುತ್ತವೆ. ಇದಕ್ಕೆ ಮಾಡಬೇಕಾದದ್ದು ಹೀಗೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ನಿಮ್ಮ ಮೇಲ್ ಆ್ಯಪ್, ಅದರೊಳಗೆ ಬ್ಯಾಟರಿ. ಅಲ್ಲಿ ‘ಅನ್‌ರಿಸ್ಟ್ರಿಕ್ಟೆಡ್’ ಅಥವಾ ‘ನೋ ರಿಸ್ಟ್ರಿಕ್ಷನ್ಸ್’ ಅಂತ ಇರುವುದನ್ನು ಆರಿಸಿ. ರೆಡ್ಮಿಯಲ್ಲಿ ಇದರ ಜೊತೆಗೆ ‘ಆಟೋಸ್ಟಾರ್ಟ್’ ಕೂಡ ಆನ್ ಮಾಡಬೇಕು. ಒಪ್ಪೋ, ರಿಯಲ್‌ಮಿಯಲ್ಲಿ ಹಿನ್ನೆಲೆಯಲ್ಲಿ ನಡೆಯಲು ಬಿಡು, ತಾನಾಗಿ ಶುರುವಾಗಲು ಬಿಡು ಅನ್ನುವ ಎರಡು ಸ್ವಿಚ್. ವಿವೋದಲ್ಲಿ ಬ್ಯಾಟರಿ ಭಾಗದಲ್ಲಿ ಹಿನ್ನೆಲೆಯಲ್ಲಿ ಹೆಚ್ಚು ಬ್ಯಾಟರಿ ಬಳಸಬಹುದಾದ ಆ್ಯಪ್‌ಗಳ ಪಟ್ಟಿ ಇದೆ, ಅದಕ್ಕೆ ಸೇರಿಸಿ.

ಎಲ್ಲ ಆ್ಯಪಿಗೂ ಹೀಗೆ ಮಾಡಬೇಡಿ. ಮೇಲ್ ಆ್ಯಪ್ ಒಂದಕ್ಕೆ ಮಾಡಿದರೆ ಸಾಕು.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಫೋನ್ ಹಗುರ ಆಗಲಿ ಅಂತ ಆ್ಯಪನ್ನು ‘ಫೋರ್ಸ್ ಸ್ಟಾಪ್’ ಮಾಡುವವರಿದ್ದಾರೆ. ಹಾಗೆ ನಿಲ್ಲಿಸಿದ ಆ್ಯಪಿಗೆ, ಮತ್ತೆ ನೀವೇ ತೆರೆಯುವ ತನಕ ಪುಶ್ ತಲುಪುವುದೇ ಇಲ್ಲ. ಫೋನ್ ಸ್ವಚ್ಛ ಮಾಡುತ್ತೇವೆ ಅನ್ನುವ ಕ್ಲೀನರ್ ಆ್ಯಪ್‌ಗಳನ್ನು ತೆಗೆದುಹಾಕಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ.

ಬ್ಯಾಟರಿ ಸೇವರ್ ಆನ್ ಇದ್ದರೆ ಮೇಲ್ ಬರುತ್ತಾ?

ನಂಬಬೇಡಿ. ಐಫೋನಿನ ಲೋ ಪವರ್ ಮೋಡ್ ಮೇಲ್ ಫೆಚ್ ಮೇಲೆ ಕೈ ಹಾಕುತ್ತದೆ. ಆಂಡ್ರಾಯ್ಡ್‌ನ ಬ್ಯಾಟರಿ ಸೇವರ್ ಹಿನ್ನೆಲೆ ಕೆಲಸಗಳನ್ನು ಹಿಡಿದಿಡುತ್ತದೆ. ಮುಖ್ಯವಾದ ಮೇಲ್ ಕಾಯುವ ದಿನ ಇವೆರಡನ್ನೂ ಆಫ್ ಇಟ್ಟು, ಚಾರ್ಜರ್ ಜೊತೆಗೆ ಇಟ್ಟುಕೊಳ್ಳಿ.

ಪುಶ್ ಇಟ್ಟರೆ ಬ್ಯಾಟರಿ ಬೇಗ ಖಾಲಿ ಆಗುತ್ತೆ ಅಂತಾರೆ. ನಿಜವಾ?

ಬಹಳ ಜನರ ನಂಬಿಕೆ ಇದು. ಹೆಚ್ಚಿನ ಸಲ ಇದು ತಿರುಗುಮುರುಗು.

ಮೇಲ್ ತರುವಾಗ ಬ್ಯಾಟರಿ ತಿನ್ನುವುದು ಮೇಲ್ ಅಲ್ಲ, ಫೋನಿನ ರೇಡಿಯೋ. ಮಲಗಿದ್ದ ರೇಡಿಯೋವನ್ನು ಎಬ್ಬಿಸಿ, ಟವರ್ ಜೊತೆ ಮಾತಾಡಿಸಿ, ಕೆಲಸ ಮುಗಿದ ಮೇಲೂ ಅದು ಕೆಲವು ಸೆಕೆಂಡ್ ಎಚ್ಚರವಾಗಿ ಕಾದು ಆಮೇಲೆ ಮಲಗುತ್ತದೆ. ಒಂದೂ ಮೇಲ್ ಬಂದಿರದಿದ್ದರೂ ಈ ಖರ್ಚು ತಪ್ಪುವುದಿಲ್ಲ. 15 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 96 ಸಲ. ನಾಲ್ಕು ಅಕೌಂಟ್ ಇದ್ದರೆ ಅಷ್ಟೂ ಸಲ ನಾಲ್ಕು ಸರ್ವರಿನ ಜೊತೆ ಮಾತು.

ಪುಶ್ ಹಾಗಲ್ಲ. ಐಫೋನ್ ಆ್ಯಪಲ್‌ನ ಸರ್ವರಿಗೆ, ಆಂಡ್ರಾಯ್ಡ್ ಗೂಗಲ್‌ನ ಸರ್ವರಿಗೆ ಒಂದು ದಾರವನ್ನು ಯಾವಾಗಲೂ ಹಿಡಿದುಕೊಂಡೇ ಇರುತ್ತದೆ. ಹೆಚ್ಚಿನ ಆ್ಯಪ್‌ಗಳ ಸೂಚನೆ ಬರುವುದು ಅದೇ ದಾರದಲ್ಲಿ. ಮೇಲ್ ಕೂಡ ಅದರಲ್ಲೇ ಬಂದರೆ ಹೊಸ ಖರ್ಚು ತೀರಾ ಕಡಿಮೆ. ದಿನಕ್ಕೆ ಹತ್ತು ಮೇಲ್ ಬರುವವರಿಗೆ ಪುಶ್‌ನಿಂದ ಹತ್ತೇ ಸಲ ಎಚ್ಚರ, ಫೆಚ್‌ನಿಂದ 96 ಸಲ. ದಿನಕ್ಕೆ ಮುನ್ನೂರು ಮೇಲ್ ಬರುವ ಅಕೌಂಟ್ ಆದರೆ ಮಾತ್ರ ಲೆಕ್ಕ ಉಲ್ಟಾ ಆಗುತ್ತದೆ. ಅಂಥದ್ದಕ್ಕೆ ಗಂಟೆಗೊಮ್ಮೆ ಫೆಚ್ ವಾಸಿ.

ಪುಶ್‌ನಲ್ಲಿ ಇನ್ನೊಂದು ಬಗೆ ಇದೆ. ಕೆಲವು ಮೇಲ್ ಆ್ಯಪ್‌ಗಳು ಗೂಗಲ್ ಅಥವಾ ಆ್ಯಪಲ್ ದಾರಿ ಬಿಟ್ಟು, ಮೇಲ್ ಸರ್ವರಿಗೇ ನೇರವಾಗಿ ದಾರ ಕಟ್ಟಿಕೊಂಡು ಕಾಯುತ್ತವೆ. ಇದಕ್ಕೆ ಐಮ್ಯಾಪ್ ಐಡಲ್ ಅಂತ ಹೆಸರು, 1997ರಲ್ಲಿ ಇದರ ನಿಯಮ ಬರೆದರು. ಸುಮ್ಮನಿದ್ದರೆ ಸರ್ವರ್ ಅರ್ಧ ಗಂಟೆಗೆ ಸಂಪರ್ಕ ಕಡಿಯಬಹುದು. ಅದಕ್ಕೇ 29 ನಿಮಿಷ ಆಗುವುದರೊಳಗೆ ‘ಇನ್ನೂ ಇದ್ದೇನೆ’ ಅಂತ ಫೋನ್ ಹೇಳಬೇಕು ಅನ್ನುವುದು ಆ ನಿಯಮದಲ್ಲೇ ಇದೆ. ಒಂದು ಅಕೌಂಟ್ ಹೀಗಿದ್ದರೆ ಪರವಾಗಿಲ್ಲ. ಐದು ಅಕೌಂಟಿಗೆ ಐದು ದಾರ ಕಟ್ಟಿದರೆ ಬ್ಯಾಟರಿಗೆ ಭಾರವೇ.

ಸಿಗ್ನಲ್ ಕಡಿಮೆ ಇರುವ ಕಡೆ ಈ ಲೆಕ್ಕ ಇನ್ನೂ ದೊಡ್ಡದಾಗುತ್ತದೆ. ನಮ್ಮಪ್ಪ ಇರುವುದು ಸಾಗರದ ಹತ್ತಿರ ಒಂದು ಹಳ್ಳಿಯಲ್ಲಿ. ಮನೆಯೊಳಗೆ ಸಿಗ್ನಲ್ ಒಂದು ಕಡ್ಡಿ, ಕೆಲವೊಮ್ಮೆ ಅದೂ ಇಲ್ಲ. ಟವರ್ ದೂರವಾದಷ್ಟೂ ಫೋನ್ ಹೆಚ್ಚು ಶಕ್ತಿ ಹಾಕಿ ಕೂಗಬೇಕು. ಅವರ ಫೋನಿನಲ್ಲಿ ಯಾರೋ ಮೂರು ಅಕೌಂಟ್ ಹಾಕಿ ಮೂರನ್ನೂ 15 ನಿಮಿಷಕ್ಕೆ ಇಟ್ಟಿದ್ದರು. ಬೆಳಗ್ಗೆ ತುಂಬಿಸಿದ ಬ್ಯಾಟರಿ ಮಧ್ಯಾಹ್ನದ ಊಟದ ಹೊತ್ತಿಗೆ ಕೆಂಪಾಗುತ್ತಿತ್ತು. ಬ್ಯಾಟರಿ ಹೋಗಿದೆ, ಹೊಸ ಫೋನ್ ಬೇಕು ಅಂತ ಅವರು ತೀರ್ಮಾನ ಮಾಡಿಬಿಟ್ಟಿದ್ದರು. ಜಿಮೇಲ್ ಒಂದನ್ನು ಹಾಗೇ ಬಿಟ್ಟು ಉಳಿದ ಎರಡನ್ನು ತಾನಾಗಿ ಸಿಂಕ್ ಆಗದ ಹಾಗೆ ಮಾಡಿದೆ. ಈಗ ಅದೇ ಫೋನ್ ರಾತ್ರಿ ಮಲಗುವವರೆಗೂ ಬರುತ್ತಿದೆ. ಮಲೆನಾಡಿನಲ್ಲಿ, ಘಟ್ಟದ ಕೆಳಗೆ ಇರುವವರು ಈ ಒಂದು ಬದಲಾವಣೆ ಮಾಡಿ ನೋಡಿ.

ಡೇಟಾ ಎಷ್ಟು ಖರ್ಚಾಗುತ್ತೆ?

ಮೇಲ್ ಇದೆಯಾ ಅಂತ ಕೇಳುವುದಕ್ಕೆ ಕೆಲವೇ ಕಿಲೋಬೈಟ್ ಸಾಕು. ಡೇಟಾ ತಿನ್ನುವುದು ಫೋಟೋ, ಪಿಡಿಎಫ್‌ಗಳು. ಆಂಡ್ರಾಯ್ಡ್ ಜಿಮೇಲಿನಲ್ಲಿ ಅಟ್ಯಾಚ್‌ಮೆಂಟುಗಳನ್ನು ವೈಫೈನಲ್ಲಿ ಇರುವಾಗ ತಾನಾಗಿಯೇ ಇಳಿಸಿಕೊಳ್ಳುವ ಆಯ್ಕೆ ಇದೆ. ಬೇಡ ಅಂದರೆ ಗುರುತು ತೆಗೆಯಿರಿ.

ದುಬೈ, ಸಿಂಗಾಪುರ ಅಂತ ಹೊರದೇಶಕ್ಕೆ ಹೋಗುವಾಗ ಮಾತ್ರ ಹುಷಾರು. ರೋಮಿಂಗ್ ಡೇಟಾ ದುಬಾರಿ. ಐಫೋನಿನಲ್ಲಿ ಸೆಟ್ಟಿಂಗ್ಸ್, ಮೊಬೈಲ್ ಡೇಟಾ ಒಳಗೆ ಮೇಲ್ ಆ್ಯಪಿನ ಸ್ವಿಚ್ ಆಫ್ ಮಾಡಿದರೆ ವೈಫೈನಲ್ಲಿ ಮಾತ್ರ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ಆ್ಯಪಿನ ಹಿನ್ನೆಲೆ ಡೇಟಾ ಆಫ್ ಮಾಡಿ. ವಾಪಸ್ ಬಂದ ಮೇಲೆ ಆನ್ ಮಾಡಲು ಮರೆಯಬೇಡಿ. ‘ಹೋಗಿ ಬಂದ ಮೇಲೆ ಮೇಲೇ ಬರ್ತಿಲ್ಲ’ ಅಂತ ಫೋನ್ ಮಾಡುವವರ ಸಮಸ್ಯೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ.

ಮೇಲ್ ಬಂದು ಕೂತಿರುತ್ತದೆ, ಸದ್ದು ಮಾತ್ರ ಆಗಲ್ಲ.

ಹಾಗಾದರೆ ಸಿಂಕ್ ಸರಿ ಇದೆ, ತೊಂದರೆ ಸೂಚನೆಯಲ್ಲಿದೆ. ಜಿಮೇಲಿನಲ್ಲಿ ಪ್ರೈಮರಿ, ಸೋಶಿಯಲ್, ಪ್ರಮೋಶನ್ಸ್ ಅಂತ ವಿಂಗಡಣೆ ಇದೆಯಲ್ಲ, ಸಾಮಾನ್ಯವಾಗಿ ಪ್ರೈಮರಿಗೆ ಬಂದದ್ದಕ್ಕೆ ಮಾತ್ರ ಸದ್ದು. ಕಾಯುತ್ತಿದ್ದ ಮೇಲ್ ಪ್ರಮೋಶನ್ಸ್‌ನಲ್ಲಿ ಕೂತಿರುತ್ತದೆ, ನಾವು ಹೆಗಲ ಮೇಲೆ ಮಗು ಇಟ್ಟುಕೊಂಡು ಊರೆಲ್ಲ ಹುಡುಕುತ್ತೇವೆ. ಆ ಮೇಲನ್ನು ಒತ್ತಿ ಹಿಡಿದು ಪ್ರೈಮರಿಗೆ ಸರಿಸಿದರೆ ಮುಂದಿನ ಸಲ ಅಲ್ಲಿಗೇ ಬರುವ ಸಾಧ್ಯತೆ ಹೆಚ್ಚು. ಔಟ್‌ಲುಕ್‌ನಲ್ಲಿ ‘ಫೋಕಸ್ಡ್’ ಮತ್ತು ‘ಅದರ್’ ಅಂತ ಎರಡು ಭಾಗ ಇರುವುದೂ ಇದೇ ಕಥೆ.

ಆಂಡ್ರಾಯ್ಡ್ 13ರಿಂದ ಈಚೆಗೆ ಹೊಸ ಆ್ಯಪ್ ಸೂಚನೆ ಕೊಡಲು ಮೊದಲು ನಿಮ್ಮ ಅನುಮತಿ ಕೇಳುತ್ತದೆ. ಅವಸರದಲ್ಲಿ ‘ಬೇಡ’ ಒತ್ತಿದ್ದರೆ ಅದೂ ಕಾರಣ. ಡು ನಾಟ್ ಡಿಸ್ಟರ್ಬ್, ಫೋಕಸ್ ಆನ್ ಇದೆಯಾ ಅಂತಲೂ ನೋಡಿ.

ಲಾಗಿನ್ ಕೋಡ್ ಮೇಲಿಗೆ ಬರುತ್ತೆ. ಅದು ಬರುವಷ್ಟರಲ್ಲಿ ಟೈಮ್ ಮುಗಿದಿರುತ್ತೆ.

ಕೋಡ್ ಕೇಳಿದ ಕೂಡಲೇ ಆ್ಯಪ್ ತೆರೆದು ಪಟ್ಟಿಯನ್ನು ಕೆಳಗೆ ಎಳೆದು ಬಿಡಿ. ಯಾವ ವೇಳೆ ಇಟ್ಟಿದ್ದರೂ ಇದು ಆ ಕ್ಷಣವೇ ಸರ್ವರನ್ನು ಕೇಳುತ್ತದೆ. ಸ್ಪ್ಯಾಮ್ ಫೋಲ್ಡರ್ ನೋಡಿ.

ಆದರೂ ಬರದಿದ್ದರೆ ತಡ ಆಗುತ್ತಿರುವುದು ಫೋನಿನಲ್ಲಿ ಅಲ್ಲ, ದಾರಿಯಲ್ಲಿ. ಕೆಲವು ಆಫೀಸು, ಕಾಲೇಜುಗಳ ಮೇಲ್ ಸರ್ವರ್‌ಗಳು ಗುರುತಿಲ್ಲದವರ ಮೇಲನ್ನು ಮೊದಲ ಸಲ ‘ಆಮೇಲೆ ಬಾ’ ಅಂತ ವಾಪಸ್ ಕಳಿಸುತ್ತವೆ. ಸ್ಪ್ಯಾಮ್ ಕಳಿಸುವವರು ಎರಡನೇ ಸಲ ಬರುವುದು ಕಡಿಮೆ, ನಿಜವಾದವರು ಬಂದೇ ಬರುತ್ತಾರೆ ಅನ್ನುವ ಲೆಕ್ಕ. ಇದರಿಂದ ಕೆಲವು ನಿಮಿಷ ಹೋಗುತ್ತದೆ. ಹಾಗಾಗಿ ಕೋಡ್ ಮತ್ತೆ ಮತ್ತೆ ಕೇಳಬೇಡಿ. ಹೊಸದು ಕೇಳಿದರೆ ಸಾಮಾನ್ಯವಾಗಿ ಹಳೆಯದು ಕೆಲಸ ಮಾಡುವುದಿಲ್ಲ, ಯಾವುದು ಯಾವುದು ಅಂತ ಗೊಂದಲ ಆಗುತ್ತದೆ.

ಒಂದು ಕಡೆ ಇಳಿಸಿಕೊಂಡ ಮೇಲ್ ಇನ್ನೊಂದು ಫೋನಿನಲ್ಲಿ ಇರುವುದೇ ಇಲ್ಲ!

ಆ ಅಕೌಂಟನ್ನು ಪಾಪ್ ಅನ್ನುವ, ಮೇಲ್ ತರುವ ಹಳೆಯ ವಿಧಾನದಲ್ಲಿ ಸೇರಿಸಿರುತ್ತಾರೆ. ಅದನ್ನು ತೆಗೆದು ಐಮ್ಯಾಪ್ ಆಗಿ ಸೇರಿಸಿ.

ಪಾಪ್ ಹುಟ್ಟಿದ್ದು 1984ರಲ್ಲಿ, ನೆಟ್ ಸಂಪರ್ಕ ಸದಾ ಇರದಿದ್ದ ಕಾಲದಲ್ಲಿ. ನಮ್ಮಲ್ಲಿ 1995ರ ಆಗಸ್ಟ್ 15ರಂದು ವಿದೇಶ್ ಸಂಚಾರ್ ನಿಗಮ್ ಜನರಿಗೆ ಇಂಟರ್ನೆಟ್ ಕೊಡಲು ಶುರು ಮಾಡಿದಾಗಲೂ ಹಾಗೇ ಇತ್ತು. ಫೋನ್ ಲೈನ್ ಮೂಲಕ ಸಂಪರ್ಕ, ಹೊತ್ತಿನ ಲೆಕ್ಕದಲ್ಲಿ ಬಿಲ್. ಬೇಗ ಸೇರಿ, ಮೇಲ್ ಎಲ್ಲ ಕಂಪ್ಯೂಟರಿಗೆ ಇಳಿಸಿಕೊಂಡು, ಸರ್ವರಿನಿಂದ ಅಳಿಸಿ, ಲೈನ್ ಕತ್ತರಿಸುವುದು. ಒಬ್ಬರಿಗೆ ಒಂದೇ ಯಂತ್ರ ಇದ್ದಾಗ ಅದು ಸರಿ. 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದ ಐಮ್ಯಾಪ್‌ನಲ್ಲಿ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಎಲ್ಲ ಯಂತ್ರಗಳೂ ಅದನ್ನೇ ನೋಡುತ್ತವೆ. ಇಲ್ಲಿ ಓದಿದರೆ ಅಲ್ಲೂ ಓದಿದ ಹಾಗೆ ಕಾಣುತ್ತದೆ. ಪಾಪ್ ಅಕೌಂಟ್ ತೆಗೆಯುವ ಮೊದಲು ಒಂದು ಎಚ್ಚರಿಕೆ: ಹಳೆಯ ಮೇಲ್ ಆ ಯಂತ್ರದಲ್ಲಿ ಮಾತ್ರ ಉಳಿದಿರಬಹುದು. ಬೇಕಾದವನ್ನು ಮೊದಲು ಬೇರೆ ಕಡೆ ಕಳಿಸಿಕೊಳ್ಳಿ.

ಇಷ್ಟು ದಿನ ಸರಿಯಾಗಿತ್ತು. ಈಗ ಪಾಸ್‌ವರ್ಡ್ ತಪ್ಪು ಅಂತ ಹೇಳುತ್ತಲೇ ಇದೆ.

ಪಾಸ್‌ವರ್ಡ್ ನೀವು ಬದಲಿಸಿಲ್ಲದಿದ್ದರೆ, ಆ್ಯಪ್ ಹಳೆಯದಾಗಿರಬಹುದು. ಬರೀ ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ದಾರಿಯನ್ನು ದೊಡ್ಡ ಸೇವೆಗಳು ಮುಚ್ಚುತ್ತಾ ಬಂದಿವೆ. ಸಾಮಾನ್ಯ ಜಿಮೇಲ್ ಅಕೌಂಟುಗಳಿಗೆ 2022ರ ಮೇ 30ರಿಂದ, ಔಟ್‌ಲುಕ್, ಹಾಟ್‌ಮೇಲ್‌ಗಳಿಗೆ 2024ರ ಸೆಪ್ಟೆಂಬರ್ 16ರಿಂದ ಇದು ನಿಂತಿತು. ಅಕೌಂಟ್ ತೆಗೆದು ಮತ್ತೆ ಸೇರಿಸಿ. ಸೇರಿಸುವಾಗ ಅದೇ ಕಂಪನಿಯ ಲಾಗಿನ್ ಪುಟ ತೆರೆದುಕೊಂಡರೆ ಸರಿಯಾದ ದಾರಿ. ಹಳೆಯ ಆ್ಯಪೇ ಬೇಕು ಅಂದರೆ, ಜಿಮೇಲಿನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿ 16 ಅಕ್ಷರದ ಆ್ಯಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು.

ಪಾಸ್‌ವರ್ಡ್ ಸರಿ ಇದ್ದೂ ಯಾವ ಮೇಲೂ ಬರುತ್ತಿಲ್ಲವಾ? ಜಾಗ ನೋಡಿ. ಗೂಗಲ್‌ನ ಉಚಿತ 15 ಜಿಬಿಯಲ್ಲಿ ಮೇಲ್, ಡ್ರೈವ್, ಫೋಟೋಸ್ ಮೂರೂ ಸೇರಿವೆ. ಮದುವೆ ಫೋಟೋಗಳೇ ಅದನ್ನು ತುಂಬಿಸಿರಬಹುದು. ತುಂಬಿದ ಮೇಲೆ ಹೊಸ ಮೇಲ್ ಒಳಗೆ ಬರುವುದಿಲ್ಲ. ಇದೊಂದು ಸಂದರ್ಭದಲ್ಲಿ ಮಾತ್ರ ನಾನು ಮೊದಲು ಹೇಳಿದ ‘ಕಳೆದುಹೋಗುವುದಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ಕಳಿಸಿದವರಿಗೆ ವಾಪಸ್ ಹೋಗುತ್ತದೆ.

ಕೊನೆಗೆ ನಾನು ಎಷ್ಟು ನಿಮಿಷಕ್ಕೆ ಇಡಲಿ?

ಫೋನಿಗೆ ಒಂದು ಉತ್ತರ ಇಲ್ಲ, ಅಕೌಂಟಿಗೆ ಒಂದೊಂದು ಉತ್ತರ ಇದೆ. ಒಂದೊಂದು ಅಕೌಂಟನ್ನೂ ತೆರೆದು ಹೀಗೆ ಕೇಳಿಕೊಳ್ಳಿ: ಇಲ್ಲಿಗೆ ಬರುವ ಮೇಲ್ ಮೂರು ಗಂಟೆ ತಡವಾದರೆ ಯಾರಿಗಾದರೂ ನಷ್ಟ ಆಗುತ್ತಾ? ಆಗುತ್ತದೆ ಅಂದರೆ ಪುಶ್. ಇಲ್ಲ ಅಂದರೆ ಮ್ಯಾನ್ಯುಯಲ್. ನನ್ನ ಪ್ರಕಾರ ಒಬ್ಬರಿಗೆ ಒಂದು ಅಕೌಂಟ್ ಪುಶ್ ಇದ್ದರೆ ಸಾಕು, ಹೆಚ್ಚೆಂದರೆ ಎರಡು. ಅಂಗಡಿಗಳ ಆಫರ್, ಬಿಲ್ಲು, ಹಳೆಯ ಕಾಲೇಜಿನ ಅಕೌಂಟು, ಇವೆಲ್ಲ ನಾವು ಹೋಗಿ ನೋಡಿದಾಗ ಸಿಕ್ಕರೆ ಸಾಕಲ್ವಾ? ನಡುವಿನ ಫೆಚ್ ವೇಳೆಗಳು ಬೇಕಾಗುವುದು ಪುಶ್ ಸಿಗದ, ಆದರೆ ಬಿಡಲಾಗದ ಅಕೌಂಟಿಗೆ ಮಾತ್ರ.

ಒಂದೇ ಅಕೌಂಟಿನೊಳಗೂ ಆರಿಸಬಹುದು. ಐಫೋನಿನ ಮೇಲ್ ಆ್ಯಪಿನಲ್ಲಿ ಕೆಲವರನ್ನು ವಿಐಪಿ ಮಾಡಿ ಅವರ ಮೇಲಿಗೆ ಮಾತ್ರ ಸದ್ದು ಇಡಬಹುದು. ಆದರೆ ಆ ಅಕೌಂಟ್ ಫೆಚ್‌ನಲ್ಲಿದ್ದರೆ ವಿಐಪಿಯ ಮೇಲೂ ಫೆಚ್ ವೇಳೆಗೇ ಬರುತ್ತದೆ. ಆಂಡ್ರಾಯ್ಡ್ ಜಿಮೇಲಿನಲ್ಲಿ, ಬೇಕಾದವರ ಮೇಲಿಗೆ ಒಂದು ಲೇಬಲ್ ಬೀಳುವ ಹಾಗೆ ಕಂಪ್ಯೂಟರಿನಲ್ಲಿ ಫಿಲ್ಟರ್ ಮಾಡಿ, ಆ ಲೇಬಲ್‌ಗೆ ಬೇರೆಯೇ ಸದ್ದು ಕೊಡಬಹುದು. ನಾನು ಮಗಳ ಶಾಲೆಯ ಮೇಲಿಗೆ ಹೀಗೆ ಮಾಡಿದ್ದೇನೆ. ಆ ಸದ್ದು ಕೇಳಿದರೆ ಮಾತ್ರ ಕೆಲಸ ಬಿಟ್ಟು ಫೋನ್ ತೆಗೆಯುತ್ತೇನೆ.

ಭಾನುವಾರವೂ ಆಫೀಸಿನ ಮೇಲ್ ಟಿಣ್ ಟಿಣ್ ಅನ್ನುತ್ತೆ.

ಆಂಡ್ರಾಯ್ಡ್‌ನಲ್ಲಿ ಆಫೀಸಿನವರು ವರ್ಕ್ ಪ್ರೊಫೈಲ್ ಹಾಕಿಕೊಟ್ಟಿದ್ದರೆ, ಆ ಆ್ಯಪ್‌ಗಳ ಮೇಲೆ ಪುಟ್ಟ ಪೆಟ್ಟಿಗೆಯ ಗುರುತು ಇರುತ್ತದೆ. ಅದನ್ನು ಒಂದೇ ಸ್ವಿಚ್‌ನಲ್ಲಿ ತಡೆಹಿಡಿಯಬಹುದು. ಔಟ್‌ಲುಕ್ ಆ್ಯಪಿನಲ್ಲಿ ‘ಕ್ವೈಟ್ ಟೈಮ್’ ಇದೆ. ಸಂಜೆ ಏಳರಿಂದ ಬೆಳಗ್ಗೆವರೆಗೆ, ಶನಿವಾರ ಭಾನುವಾರ ಪೂರ್ತಿ, ಹೇಗೆ ಬೇಕೋ ಹಾಗೆ ಇಡಿ. ಐಫೋನಿನಲ್ಲಿ ಫೋಕಸ್ ಇದೇ ಕೆಲಸ ಮಾಡುತ್ತದೆ. ಕೊನೆಯ ಎರಡರಲ್ಲಿ ಮೇಲ್ ಬರುತ್ತಲೇ ಇರುತ್ತದೆ, ನಿಮ್ಮನ್ನು ಕರೆಯುವುದಿಲ್ಲ ಅಷ್ಟೇ.

ಬದಲಾಯಿಸಿದ್ದು ಸರಿಯಾಗಿದೆಯಾ ಅಂತ ಹೇಗೆ ತಿಳಿಯೋದು?

ಮನೆಯವರ ಅಕೌಂಟಿನಿಂದ ನಿಮಗೆ ಒಂದು ಮೇಲ್ ಕಳಿಸಲು ಹೇಳಿ. ನಿಮ್ಮದೇ ಅಕೌಂಟಿನಿಂದ ನಿಮಗೇ ಕಳಿಸಿ ಪರೀಕ್ಷೆ ಮಾಡಬೇಡಿ. ಫೋನ್ ಲಾಕ್ ಮಾಡಿ ಮೇಜಿನ ಮೇಲಿಡಿ, ಆ್ಯಪ್ ತೆರೆಯಬೇಡಿ, ಗಡಿಯಾರ ನೋಡಿ. ಒಮ್ಮೆ ವೈಫೈನಲ್ಲಿ, ಒಮ್ಮೆ ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ. ಮೂರನೇ ಸಲ, ಚಾರ್ಜರ್ ತೆಗೆದು, ಫೋನ್ ಎರಡು ಗಂಟೆ ಮುಟ್ಟದೆ ಬಿಟ್ಟು ಆಮೇಲೆ ಕಳಿಸಲು ಹೇಳಿ. ಮೊದಲೆರಡು ಪಾಸಾಗಿ ಮೂರನೆಯದು ಸೋತರೆ, ಮೇಲೆ ಹೇಳಿದ ಬ್ಯಾಟರಿ ಕಟ್ಟುಪಾಡಿನ ಉತ್ತರಕ್ಕೆ ವಾಪಸ್ ಹೋಗಿ. ಫೋನಿನ ಸಾಫ್ಟ್‌ವೇರ್ ದೊಡ್ಡ ಅಪ್‌ಡೇಟ್ ಆದಾಗಲೆಲ್ಲ ಈ ಮೂರನೆಯ ಪರೀಕ್ಷೆ ಮತ್ತೊಮ್ಮೆ ಮಾಡಿ. ಅಪ್‌ಡೇಟ್ ಆದ ಮೇಲೆ ಈ ಸ್ವಿಚ್‌ಗಳು ಮೊದಲಿನ ಹಾಗೆ ಆಗಿದ್ದನ್ನು ನಾನು ಎರಡು ಸಲ ನೋಡಿದ್ದೇನೆ.